ರೋಶನ್ ಬೀ ಸಾಕಿದ ಮೀನು

ಬೇಯಿಸಿದ ರೇಷ್ಮೆಹುಳದ ನಾತ ಒಮ್ಮೆ ಮೈಗೆ ಹತ್ತಿತೆಂದರೆ ಅತ್ತರು ಸುರಿದುಕೊಂಡರೂ ಹೋಗುವುದಿಲ್ಲ. ರಾಮನಗರದ ರೋಶನ್ ಬೀಗೆ ಅದು ಹುಟ್ಟಿದಾಗಿನಿಂದ ಹತ್ತಿದ ನಾತ. ಮೊದಲು ಅಪ್ಪನ ಹಿತ್ತಿಲಲ್ಲಿ, ಆಮೇಲೆ ಗಂಡ ತಾಜ್ ಪಾಷಾನ ಹಿತ್ತಿಲಲ್ಲಿ, ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ನೂಲು ಬಿಚ್ಚಿ ಬಿಚ್ಚಿ ಆಕೆಯ ಬೆರಳು ಸುಕ್ಕುಗಟ್ಟಿದ್ದವು. ನೂಲೆಲ್ಲ ಬಿಚ್ಚಿದ ಮೇಲೆ ಗೂಡಿನೊಳಗಿನ ಬೆಂದ ಹುಳ ಉಳಿಯುತ್ತದೆ. ಊರಿಗೆ ಸೀರೆ ಬೇಕು, ಹುಳ ಯಾರಿಗೆ ಬೇಕು?

ಆ ಬಿಸಿನೀರಿನ ಹಬೆಯೇ ತಾಜ್ ಪಾಷಾನ ಎದೆಗೆ ಕೂತಿತು. ಡಾಕ್ಟರು ಇನ್ನು ನೂಲು ಬಿಚ್ಚುವ ಮಷೀನಿನ ಹತ್ತಿರ ಸುಳಿಯಬೇಡಿ ಎಂದರು. ಹಿತ್ತಿಲ ಕೆಲಸವನ್ನು ಅವನ ತಮ್ಮ ಸಮೀವುಲ್ಲಾ ವಹಿಸಿಕೊಂಡ. ಗಂಡ ಬೀದಿಕಡೆಯ ಕೋಣೆಯಲ್ಲಿ ದಿಂಬಿಗೆ ಒರಗಿ ಕೂತ. ಕೂತ ಅಂದರೆ ಕೂತೇಬಿಟ್ಟ. ಹಗಲೂ ಇರುಳೂ ಉಬ್ಬಸ. ರೋಶನ್ ಬೀ ಮಷೀನಿನ ಮುಂದೆ ಒಂದಷ್ಟು ಹೊತ್ತು, ಗಂಡನ ಬೆನ್ನು ನೀವುತ್ತ ಒಂದಷ್ಟು ಹೊತ್ತು. ಗಂಡಸಿಗೆ ಕಾಯಿಲೆ ಬಂದರೆ ಹೆಂಗಸಿನ ನಿದ್ದೆ ಹೋಗುತ್ತದೆ; ಹೆಂಗಸಿಗೆ ಕಾಯಿಲೆ ಬಂದರೆ ಯಾರ ನಿದ್ದೆಯೂ ಹೋಗುವುದಿಲ್ಲ. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಆ ಮನೆಯ ಮಾತು ಉರ್ದು, ಜಗಳಕ್ಕೆ ಮಾತ್ರ ಕನ್ನಡ. ಸಣ್ಣ ವಯಸ್ಸಿನಲ್ಲಿ ಗಂಡ ಹೆಂಡತಿ ಅಕ್ಕಪಕ್ಕದ ಮನೆಯವರು ಕಿವಿ ನಿಮಿರಿಸುವಂತೆ ಕನ್ನಡದಲ್ಲಿ ಬೈದಾಡಿಕೊಂಡಿದ್ದರು. ಕಾಯಿಲೆ ಬಂದ ಮೇಲೆ ಬೈಯುವಷ್ಟು ಉಸಿರು ಅವನಲ್ಲಿರಲಿಲ್ಲ, ತಿರುಗಿ ಬೈಯುವ ತ್ರಾಣ ಇವಳಲ್ಲಿರಲಿಲ್ಲ. ಮನೆಯಲ್ಲಿ ಕನ್ನಡ ನಿಂತುಹೋಗಿತ್ತು.

ಹೀಗಿರುವಾಗ ದರ್ಗಾ ನೋಡಿಕೊಳ್ಳುವ ಮುಕ್ತಿಯಾರ್ ಸಾಬರು, ಗಂಡನ ಬಾಲ್ಯದ ಗೆಳೆಯರು, ಒಂದು ದಿನ ಮನೆಗೆ ಬಂದರು. ಚಾ ಕುಡಿದು, ಗಡ್ಡ ನೀವಿಕೊಂಡು ಹೇಳಿದರು: "ದಿನಾ ಬೆಳಗ್ಗೆ ನೀರಲ್ಲಿರೋ ಜೀವಕ್ಕೆ ನಿನ್ನ ಕೈಯಾರೆ ತುತ್ತು ಹಾಕಮ್ಮ. ಬ್ಯಾರೆಯವರ ಕೈಲಿ ಕಳಿಸಬ್ಯಾಡ. ಹಾಕಿ ಅಲ್ಲೇ ಒಸಿ ಹೊತ್ತು ಕೂತಿದ್ದು ಬಾ. ಇವನ ಉಸ್ರು ಹದಕ್ಕೆ ಬತ್ತದೆ."

ತುತ್ತಿಗೇನು, ಹಿತ್ತಿಲ ತುಂಬ ಹುಳ. ಮಾರನೆಯ ಬೆಳಗ್ಗೆಯೇ ರೋಶನ್ ಬೀ ಹಳೆಯ ಪೇಂಟಿನ ಡಬ್ಬದಲ್ಲಿ ಹುಳ ತುಂಬಿಕೊಂಡು ಪಾರ್ಕಿನ ಕೊಳಕ್ಕೆ ಹೋದಳು. ಮೊದಮೊದಲು ಬೆರಳುದ್ದದ ಮೀನುಗಳು ಮುತ್ತಿಕೊಂಡು ಬರುತ್ತಿದ್ದವು. ಬರಬರುತ್ತ ಅವೆಲ್ಲ ಕಾಣೆಯಾಗಿ ಒಂದೇ ಒಂದು ಬಾಯಿ ಬರತೊಡಗಿತು. ಕರೀ ಮೈ, ಹುರುಪೆಯಿಲ್ಲ, ಮೂತಿಯ ಸುತ್ತ ಉದ್ದುದ್ದ ಮೀಸೆ. ಆಫ್ರಿಕಾದ ಕ್ಯಾಟ್‌ಫಿಶ್ ಅದು. ಸರ್ಕಾರ ಸಾಕಬಾರದೆಂದದ್ದನ್ನು ಯಾರೋ ಗುಟ್ಟಾಗಿ ಸಾಕಿ, ಹೆದರಿ ತಂದು ಇಲ್ಲಿ ಬಿಟ್ಟಿದ್ದರು. ಆಗಾಗ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗಿ ಮುಳುಗುತ್ತಿತ್ತು. ಆ ಸದ್ದು ಕೇಳಿದಾಗೆಲ್ಲ ಆಕೆಗೆ ಗಂಡನ ನೆನಪು ಬರುತ್ತಿತ್ತು.

ಹುಳ ಹಾಕಿ ಬೆಂಚಿನ ಮೇಲೆ ಕೂರುವಳು. ಯಾರೂ ಕರೆಯುವವರಿಲ್ಲ, ಕೆಮ್ಮುವವರಿಲ್ಲ. ಮೊದಮೊದಲು ಅಲ್ಲೇ ಕಣ್ಣೆಳೆದು ತೂಕಡಿಸುತ್ತಿದ್ದಳು. ಇರುಳಿಡೀ ಬೆನ್ನು ನೀವಿ ಬಂದ ಒಂದು ಬೆಳಗ್ಗೆ ಮಾತ್ರ, ಇವತ್ತು ಹಾಕದೆ ಹೋದರೆ ಏನಾದೀತು, ಅವರೂ ಬಿಡುಗಡೆಯಾಗಲಿ ನಾನೂ ಬಿಡುಗಡೆಯಾಗಲಿ ಎಂಬ ಯೋಚನೆ ಬಂದುಬಿಟ್ಟಿತು. ಬಂದದ್ದೇ ತಡ, ಅಲ್ಲಾ ಕ್ಷಮಿಸಲಿ ಎಂದುಕೊಂಡು ಡಬ್ಬವನ್ನೇ ಕೊಳಕ್ಕೆ ಬೋರಲು ಹಾಕಿದಳು. ಮಾರನೆಯ ದಿನದಿಂದ ಎರಡು ಡಬ್ಬ ಹೊತ್ತಳು. ಮೀನು ಕೊಬ್ಬದೆ ಇನ್ನೇನು ಮಾಡೀತು!

ಪಾರ್ಕಿನ ಬಾತುಮರಿಗಳು ಒಂದೊಂದಾಗಿ ಇಲ್ಲವಾದವು. ನಾಯಿ ಎಂದರು, ಮುಂಗುಸಿ ಎಂದರು. ಕೊನೆಗೆ ಒಂದು ಭಾನುವಾರ ಮೇಘನಾ ಎಂಬ ಪುಟ್ಟ ಹುಡುಗಿ ಕಟ್ಟೆಯ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಾಗ ಮೀನು ಪಾದಕ್ಕೆ ಬಾಯಿ ಹಾಕಿತು. ಅವರಪ್ಪ ಎಳೆದುಕೊಂಡದ್ದಕ್ಕೆ ಕಾಲು ಉಳಿಯಿತು. ಆಮೇಲೆ ಬಲೆಯವರು ಬಂದು ಎರಡು ಸಲ ಬಲೆ ಹಾಕಿದರೂ ಬರೀ ಕೆಸರು ಬಂತು.

ಪಾರ್ಕಿನ ಕಾವಲುಗಾರ ಚನ್ನಲಿಂಗಪ್ಪ ಆಕೆಯ ಬೆಂಚಿನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ರೋಶಮ್ಮ, ಬಲೆ ಕಂಡ್ರೆ ಕೆಸರೊಳಕ್ಕೆ ಹೊಕ್ಕೊತದೆ. ನಿಮ್ಮ ಡಬ್ಬದ ಸದ್ದಿಗಾದ್ರೆ ಬತ್ತದೆ. ನಾಳೆ ಒಂದ್ಸಲ ಕರೀರಿ, ಸಾಕು."

"ನನ್ನ ಕೈಲಾಗಕಿಲ್ಲ, ಅಣ್ಣ."

"ಯಾಕಮ್ಮ?"

"ಅದು ಹೋದ್ರೆ ನಮ್ಮನೆಯವ್ರೂ ಹೋಯ್ತಾರೆ." ಹರಕೆಯ ಕಥೆಯನ್ನು ಆಕೆ ನೆಲ ನೋಡುತ್ತ ಹೇಳಿದಳು.

ಚನ್ನಲಿಂಗಪ್ಪ ನಗಲಿಲ್ಲ. ಅವನ ಮನೆಯಲ್ಲೂ ಮಾದಪ್ಪನಿಗೆ ಕಟ್ಟಿದ ಮುಡಿಪು ಇತ್ತು. "ಆ ಮಗೀನ ಕಾಲಿಗೆ ಹೊಲಿಗೆ ಹಾಕವ್ರೆ," ಎಂದ. "ನಾಳೆ ಇನ್ನೊಂದು ಮಗ ನೀರಿಗೆ ಬಿದ್ರೆ ನಿಮಗೆ ನಿದ್ದೆ ಬತ್ತದಾ?"

"ನಂಗೆ ಹೆಂಗೂ ನಿದ್ದೆ ಇಲ್ಲ ಬುಡಣ್ಣ," ಎಂದಳು ರೋಶನ್ ಬೀ. ಆದರೂ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಪುಟ್ಟ ಪಾದ ಕಣ್ಣಿಗೆ ಕಟ್ಟಿತ್ತು. ಹಾವಿಗೆ ಹಾಲೆರೆದವಳು ನಾನು, ಕಚ್ಚಿಸಿಕೊಂಡದ್ದು ಯಾರದೋ ಮಗು ಎನಿಸಿತು.

ಮಾರನೆಯ ಬೆಳಗ್ಗೆ ಬಲೆಯವರು ಪೊದೆಯ ಹಿಂದೆ ನಿಂತರು. ರೋಶನ್ ಬೀ ಎಂದಿನಂತೆ ಡಬ್ಬವನ್ನು ಕಟ್ಟೆಗೆ ಬಡಿದಳು. ನೀರು ಅಲುಗಾಡಿತು, ಮೀಸೆ ಮೇಲೆ ಬಂತು. ಅದಕ್ಕೇನು ಗೊತ್ತು ಪಾಪ, ಅನ್ನ ಹಾಕುವ ಕೈ ಎಂದು ನಂಬಿ ಬಂತು. ಆಕೆ ಒಂದು ಹಿಡಿ ಹಾಕಿದಳು. ಬಲೆ ಬಿತ್ತು.

ನಾಲ್ಕು ಜನ ಸೇರಿ ಎಳೆದು ಹುಲ್ಲಿನ ಮೇಲೆ ಹಾಕಿದರು. ಬೇರೆ ಮೀನಾಗಿದ್ದರೆ ಒದ್ದಾಡಿ ಸಾಯುತ್ತಿತ್ತು. ಇದು ಸಾಯಲಿಲ್ಲ. ಸುಮ್ಮನೆ ಬಿದ್ದುಕೊಂಡು ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಲೇ ಇತ್ತು, ಥೇಟು ದಿಂಬಿಗೆ ಒರಗಿದ ತಾಜ್ ಪಾಷಾನ ಹಾಗೆ. ಮುಗಿದುಹೋಗಲಿ, ಎಲ್ಲ ಒಟ್ಟಿಗೇ ಮುಗಿದುಹೋಗಲಿ ಎಂದು ಆಕೆಗೆ ಮತ್ತೆ ಅನಿಸಿತು. ಈ ಸಲ ಆ ಯೋಚನೆಯನ್ನು ಮುಚ್ಚಿ ಹಾಕಲು ಕೊಳದಲ್ಲಿ ಮೀನಿರಲಿಲ್ಲ. ಡಬ್ಬ ಎತ್ತಿಕೊಂಡು ಮನೆಕಡೆ ಹೊರಟಳು. ಮನೆ ಹತ್ತಿರವಾದಂತೆ ಬಾಗಿಲಲ್ಲಿ ಜನ ಸೇರಿದ್ದಾರೆಯೇ ಎಂದು ದೂರದಿಂದಲೇ ನೋಡಿದಳು.

ಬಾಗಿಲಲ್ಲಿ ಯಾರೂ ಇರಲಿಲ್ಲ. ತಾಜ್ ಪಾಷಾ ಕಿಟಕಿಗೆ ಕೆನ್ನೆ ಆನಿಸಿಕೊಂಡು ಕೂತಿದ್ದ.

"ಹಿಡಿಸಿಬುಟ್ಟೆ," ಎಂದಳು. ಯಾಕೋ ಕನ್ನಡವೇ ಬಂತು. "ನಿಮ್ಮ ಜೀವ ಅದರಲ್ಲೈತೆ ಅಂತ ಗೊತ್ತಿದ್ದೂ ಹಿಡಿಸಿಬುಟ್ಟೆ. ನಂಗೆ ಸಾಕಾಗೋಗಿತ್ತು." ಹೊಸ್ತಿಲ ಮೇಲೇ ಕೂತು ಸೆರಗು ಬಾಯಿಗಿಟ್ಟು ಅತ್ತಳು.

ತಾಜ್ ಪಾಷಾ ಬಹಳ ಹೊತ್ತು ಉಸಿರು ಕೂಡಿಸಿಕೊಂಡ. ಉರ್ದುವಿನಲ್ಲಿ ಹೇಳಲು ನಾಚಿಕೆಯಾಯಿತೋ ಏನೋ, ಅವನೂ ಕನ್ನಡದಲ್ಲೇ ಹೇಳಿದ.

"ಅದರಲ್ಲಿ ನನ್ನ ಜೀವನೂ ಇಲ್ಲ, ಏನೂ ಇಲ್ಲ. ಮುಕ್ತಿಯಾರ್ ಕೈಲಿ ಹಂಗೆ ಹೇಳಿಸಿದ್ದೇ ನಾನು."

"ಏನಂದ್ರಿ?"

"ಒಸಿ ಹೊತ್ತು ಹೊರಗೋಗಿ ಕೂತ್ಕೊ ಅಂದ್ರೆ ನೀನು ಹೋಗ್ತಿದ್ದಾ? ನನ್ನ ಬುಟ್ಟು ಕದಲ್ತಿರ್ಲಿಲ್ಲ. ನನ್ನ ಜೀವಕ್ಕೆ ಅಂದ್ರೆ ಹೋಗ್ತೀಯ." ನಡುವೆ ಕೆಮ್ಮಿದ. "ನಿಂಗೂ ಒಸಿ ಗಾಳಿ ಬ್ಯಾಡ್ವಾ?"

ರೋಶನ್ ಬೀಗೆ ಕೆಂಡದಂಥ ಸಿಟ್ಟು ಬಂತು. ಇಷ್ಟು ಕಾಲ ಎರಡೆರಡು ಡಬ್ಬ ಹೊರಿಸಿ, ಪಾಪವನ್ನೂ ತಲೆಗೆ ಕಟ್ಟಿದನಲ್ಲ ಎಂದು ಬಾಯಿಗೆ ಬಂದಂತೆ ಬೈದಳು. ಪಕ್ಕದ ಮನೆಯ ಹಫೀಜಾ ಕಿಟಕಿ ತೆರೆದು ನೋಡಿದಳು. ಬೈಯುತ್ತಲೇ ಒಳಗೆ ಬಂದು, ಬೈಯುತ್ತಲೇ ಅವನ ಬೆನ್ನು ನೀವಿದಳು.

ಮಾರನೆಯ ಬೆಳಗ್ಗೆ ಆಕೆ ಹಿತ್ತಿಲಲ್ಲಿ ಒಲೆಯ ಬೂದಿ ತೆಗೆಯುತ್ತಿದ್ದಳು. ಬೀದಿಕಡೆಯ ಕೋಣೆಯಿಂದ ಗಂಡನ ದನಿ ಬಂತು: "ಹೊತ್ತಾಯ್ತು, ಹೋಗಲ್ವಾ?"

ಬರೀ ಕೈಯಲ್ಲಿ ಹೋದರೆ ಬೀದಿಯವರು ಏನೆಂದುಕೊಂಡಾರು? ರೋಶನ್ ಬೀ ಕೈ ತೊಳೆದು, ಖಾಲಿ ಡಬ್ಬವನ್ನು ಎತ್ತಿಕೊಂಡು ಹೊರಟಳು.