ಐವತ್ತೆರಡನೆಯ ದೃಶ್ಯ

ಮಧ್ಯಾಹ್ನದ ಜುಹರ್ ನಮಾಜು ಮುಗಿಸಿ ತಾಹಿರ್ ಸಾಹೇಬರು ಮಗಳ ಚಿತ್ರಕಥೆಯನ್ನು ಕೈಗೆತ್ತಿಕೊಂಡರು. ಸೋಮವಾರ ಹತ್ತಿರದ ಕ್ಲಾಂಗ್ ಬಂದರಿನಲ್ಲಿ ಚಿತ್ರೀಕರಣ ಶುರು. "ಮಣ್ಣು ಮಾಡೋ ದಫನ್ ಸೀನ್‌ನಲ್ಲಿ ತಪ್ಪಿದ್ರೆ ಹೇಳಿ" ಎಂದು ಸಿತಾರಾ ಕೊಟ್ಟಿದ್ದಳು.

"ಮೊದ್ಲು ಊಟ, ಅಬ್ಬಾ. ಮಾಮಕ್ ಊಟದ ಅಂಗಡಿಯಿಂದ ತಪಾವ್ ಪೊಟ್ಟಣ ಕಟ್ಟಿಸ್ಕೊಂಡು ಬಂದಿದೀನಿ, ಆರೋಗತ್ತೆ."

"ಆರಲಿ ಬಿಡು."

ಓದಲು ಹೋದವಳು ಇಪ್ಪತ್ತು ವರ್ಷದಲ್ಲಿ ಲಂಡನ್ನಿನವಳೇ ಆಗಿದ್ದಳು. ಪತ್ರಿಕೆಗಳು ಬ್ರಿಟಿಷ್ ನಾಟಕಕಾರ್ತಿ ಎಂದೇ ಬರೆಯುತ್ತಿದ್ದವು. ಮೊದಲು ನಲವತ್ತು ಕುರ್ಚಿಯ ರಂಗಮಂದಿರಕ್ಕೆ ನಾಟಕ, ಆಮೇಲೆ ರೇಡಿಯೊ, ಟಿವಿ. ಈಗ ಮೊದಲ ಸಿನಿಮಾ. ಬರೆದದ್ದರಲ್ಲೆಲ್ಲ ಪುಚೊಂಗ್ ಊರಿನ ಈ ಮನೆಯದು ಏನಾದರೊಂದು ನುಸುಳುತ್ತಿತ್ತು. "ನನ್ನ ಗೊರಕೆಗೂ ಟಿಕೆಟ್ ಇಟ್ಟಳಲ್ರೀ ನಿಮ್ಮ ಮಗಳು!" ಎಂದು ಸಾಹೇಬರ ಹೆಂಡತಿ ಲುಬ್ನಾ ನಗುತ್ತಿದ್ದಳು.

ಲುಬ್ನಾ ಹೋಗಿ ವರ್ಷ ತುಂಬಿತ್ತು. ಬೆಳಗಿನ ಜಾವ ಉಸಿರು ನಿಂತಿತ್ತು. "ನಾಳೆ ಬೆಳಿಗ್ಗೆ ಇಳೀತೀನಿ, ಕಾಯಿರಿ" ಎಂದು ಮಗಳು ಫೋನಿನಲ್ಲಿ ಅತ್ತಿದ್ದಳು. ಸಾಹೇಬರು ಕಾಯಲಿಲ್ಲ. ಶರೀಅತ್ ಪ್ರಕಾರ ಮಯ್ಯತ್ತನ್ನು ಮನೆಯಲ್ಲಿ ಹೆಚ್ಚು ಹೊತ್ತು ಇಡಬಾರದೆಂದು ಹೇಳಿ, ಅಂದೇ ಸಂಜೆಯ ಅಸರ್ ನಮಾಜು ಆದ ಮೇಲೆ ಮಣ್ಣು ಮಾಡಿಸಿದ್ದರು. ಸಿತಾರಾ ಬಂದಾಗ ಕಂಡದ್ದು ಹಸಿ ಗೋರಿ. ಒಂದು ಮಾತೂ ಆಡಲಿಲ್ಲ. ಆಡದ ಮಾತನ್ನೆಲ್ಲ ಇಲ್ಲಿ ಬರೆದಿದ್ದಾಳೋ ಏನೋ ಎಂದು ಅವರಿಗೆ ಭಯವಾಗಿತ್ತು.

ಐವತ್ತೆರಡನೆಯ ದೃಶ್ಯ ಬಂತು. ಅಲ್ಲಿ ತಂದೆ ಕಾದಿದ್ದ. ಮಗಳು ಬಂದು ತಾಯಿಯ ಹಣೆ ಮುಟ್ಟಿದ್ದಳು.

ಅರೆಗಳಿಗೆ ಹಾಯೆನಿಸಿತು. ಮರುಗಳಿಗೆಯಲ್ಲಿ ಅದೇ ಚುಚ್ಚಿತು. ಸುಮ್ಮನಿದ್ದರೆ ಲೋಕದ ಮುಂದೆ ತಾನು ಒಳ್ಳೆಯವನು. ಅಲ್ಲಾಹನ ಮುಂದೆ?

"ಸಿತಾರಾ, ಇಲ್ಲಿ ತಪ್ಪಿದೆ."

"ಎಲ್ಲಿ? ಮೈಗೆ ಸುತ್ತೋ ಕಫನ್ ಐದು ಬಟ್ಟೆ ಅಂತಾನೇ ಬರ್ದಿದೀನಲ್ಲ?"

"ಬಟ್ಟೆ ಸರಿ. ಅಪ್ಪ ಸುಳ್ಳು. ಅವನು ಕಾಯಲಿಲ್ಲ."

ಸಿತಾರಾ ಲ್ಯಾಪ್‌ಟಾಪ್ ಮುಚ್ಚಿದಳು. "ಸಿನಿಮಾದಲ್ಲಾದ್ರೂ ಅಮ್ಮಿ ಮುಖ ನೋಡೋಣ ಅಂತ ಬರ್ದೆ. ಶರೀಅತ್ ಹೇಳಿದ್ದನ್ನ ನೀವು ಮಾಡಿದ್ರಿ, ಬಿಡಿ."

"ಅದೂ ಪೂರ್ತಿ ನಿಜ ಅಲ್ಲ." ಸಾಹೇಬರು ಹಾಳೆಗಳನ್ನು ಕೆಳಗಿಟ್ಟರು. "ಮಗಳು ಬರೋವರೆಗೆ ಇರಲಿ ಅಂತ ಇಮಾಮರೇ ಅಂದಿದ್ರು. ನನಗೇ ಹೆದರಿಕೆ ಆಯ್ತಮ್ಮ. ಇನ್ನೊಂದು ರಾತ್ರಿ ನಿನ್ನಮ್ಮಿ ಮುಖ ನೋಡ್ಕೊಂಡು ಕೂತಿದ್ರೆ, ಮಣ್ಣಿಗೆ ಕೊಡೋಕೆ ನನ್ನಿಂದ ಆಗ್ತಿರಲಿಲ್ಲ."

"ಒಂದು ವರ್ಷ, ಅಬ್ಬಾ! ಒಂದು ವರ್ಷ ನಾನು ಶರೀಅತ್ ಮೇಲೆ ಕೋಪ ಮಾಡ್ಕೊಂಡಿದ್ದೆ."

"ಇನ್ನು ನನ್ನ ಮೇಲೆ ಮಾಡ್ಕೊ."

ಅವಳು ಎದ್ದು ಬಂದು ಪಕ್ಕದಲ್ಲಿ ಕೂತಳು.

"ಇದನ್ನೇ ಬರೀಲಾ? ಎಲ್ರೂ ನೋಡ್ತಾರೆ. ಮಸೀದಿಯವರೂ."

ಅವರ ಭಯ ಹೋಗಿರಲಿಲ್ಲ. ಆದರೂ ಪೆನ್ಸಿಲು ತೆಗೆದುಕೊಂಡು ಆ ಪುಟಕ್ಕೆ ಅಡ್ಡಗೆರೆ ಎಳೆದು, ಹಾಳೆಯನ್ನು ಅವಳ ಮುಂದಿಟ್ಟರು.

"ಬರಿ. ಇಮಾಮರು ಅಂದದ್ದನ್ನೂ ಬಿಡಬೇಡ."