ಶುಕ್ರವಾರದ ದೋಣಿ

ಶೋಭಾಳನ್ನು ನೋಡಲು ಬಂದ ಅಮರೇಶಪ್ಪ ಅವಳಿಗಿಂತ ತಾನು ತಂದ ಆಲ್ಬಮ್ಮನ್ನೇ ಹೆಚ್ಚು ನೋಡಿದ. ಮೂರು ವರ್ಷದಿಂದ ಅವನು ಮಾಲ್ಡೀವ್ಸಿನ ಒಂದು ದ್ವೀಪದಲ್ಲಿ ಗಣಿತದ ಮಾಸ್ತರ. ಶಾಲೆಯ ಮಾತು ಒಂದೂ ಬರಲಿಲ್ಲ. ಬಂದದ್ದೆಲ್ಲ ಶುಕ್ರವಾರದ ಮಾತು.

"ಅಲ್ಲೆ ಶುಕ್ರವಾರ ಸೂಟಿ ನೋಡ್ರಿ. ಮುಂಜಾನೆ ಎದ್ದು ದೋಣಿ ಹತ್ತಿಬಿಡೂದು. ಅಲ್ಲೂ ದೋಣಿಗೆ ದೋಣಿ ಅಂತನ ಅಂತಾರ್ರಿ!"

ಶೋಭಾಳ ತಂದೆ ಸೂಗಪ್ಪ ಟೇಬಲ್ ಫ್ಯಾನನ್ನು ಪೂರ್ತಿ ಅವನ ಕಡೆಗೇ ತಿರುಗಿಸಿ, ತಾನು ಬೆವರುತ್ತ ತಲೆದೂಗಿದ. ಸುಲ್ತಾನ್ ಬಜಾರಿನಲ್ಲಿ ನಿಶ್ಚಯದ ಸೀರೆಯನ್ನು ಆಗಲೇ ನೋಡಿಟ್ಟು ಬಂದಿದ್ದ. ಇವತ್ತು ಮಗಳು ಹೂಂ ಅಂದರೆ ಅವಳು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯ ತನ್ನ ಕೆಲಸ ಬಿಟ್ಟು ತಿಂಗಳೊಳಗೆ ಸಮುದ್ರ ದಾಟಬೇಕು. ಬಾಕಿ ಇದ್ದದ್ದು ಆ ಹೂಂ ಒಂದೇ.

ಗೋಡೆಗೊರಗಿ ಕಾಲು ಚಾಚಿ ಕೂತಿದ್ದ ಅಜ್ಜಿ ಅಂಬವ್ವ ಮೆಲ್ಲಗೆ ಎಲೆಗೆ ಸುಣ್ಣ ಸವರಿದಳು. ಊರಲ್ಲಿದ್ದಾಗ ಅವಳು ನಲವತ್ತು ವರ್ಷ ಹರಿಗೋಲು ಹತ್ತಿ, ಕೃಷ್ಣೆಯ ಆಚೆ ದಂಡೆಗೆ ಕಳೆ ಕೀಳಲು ಹೋದವಳು.

"ಆಚೀ ದಂಡ್ಯಾಗ ಏನಿತ್ತಪಾ?"

"ಏನಿಲ್ಲಬೇ ಯವ್ವಾ. ಬರೇ ಉಸುಕು."

"ಹೊಲಾ?"

"ಇಲ್ಲ."

"ಸಂತಿ? ಬೀಗರು?"

"ಯಾರೂ ಇಲ್ಲ. ಉಸುಕಿನ್ಯಾಗ ಕುಂತು ಹೊಳ್ಳಿ ಬರೂದು, ಅಷ್ಟ."

"ಹಂಗಾರ ಈಚೀ ದಂಡೀ ಉಸುಕು ಏನ್ ಪಾಪ ಮಾಡಿತ್ತು?"

ಅಡಿಗೆಮನೆಯ ಬಾಗಿಲಲ್ಲಿ, ನಗು ತಡೆದುಕೊಂಡ ಶೋಭಾಳ ತಟ್ಟೆಯಲ್ಲಿ ಚಹಾದ ಕಪ್ಪುಗಳು ಗಲಗಲ ಅಂದವು. ಸೂಗಪ್ಪ ಮಗಳ ಕಡೆ ಕಣ್ಣು ಬಿಟ್ಟ.

"ಅಡ್ವೆಂಚರ್ ಅಂತಾರಬೇ ಅದಕ್ಕ," ಎಂದ ಅಮರೇಶಪ್ಪ, ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ. ಹಾಳೆ ಮಗುಚಿದ. "ಇದು ನೋಡ್ರಿ. ನಡು ನೀರಾಗ ಇಂಜಿನ್ ಕೆಟ್ಟು ನಿಂತಿತು. ದೋಣಿಯವ ಸೊಂಟಕ್ಕ ಹಗ್ಗ ಕಟಗೊಂಡು ನೀರಿಗೆ ಜಿಗದ. ಒಂದು ತಾಸು ಜಗ್ಗಿ ಉಸುಕಿನ ದಿಬ್ಬಕ್ಕ ಹಚ್ಚಿದ. ಏನ್ ಮಜಾ ಅಂತೀರಿ!"

ಫೋಟೋದಲ್ಲಿ ಐವರು ಮಾಸ್ತರರು ಇಸ್ತ್ರಿ ಅಂಗಿಯಲ್ಲಿ ನಗುತ್ತಿದ್ದರು. ಮೂಲೆಯಲ್ಲಿ, ನೀರಿನ ಮೇಲೆ, ಅರ್ಧ ತಲೆ.

"ಆಮ್ಯಾಲೆ?" ಎಂದಳು ಅಂಬವ್ವ.

"ಬ್ಯಾರೇ ದೋಣಿ ಬಂತು. ನಾವು ಹತ್ತಿ ಬಂದಿವಿ."

"ಅವ?"

"ಅವ ಅಲ್ಲೇ ಉಳದ. ತನ್ನ ದೋಣಿ ಬಿಟ್ಟು ಬರಾಕ ಒಲ್ಲೆ ಅಂದ. ಮರುದಿನ ಬಂದಿರಬೇಕು."

ಅಜ್ಜಿಯ ಕೈಯಲ್ಲಿ ಎಲೆ ಹಾಗೇ ನಿಂತಿತು. ಅವಳ ಊರಲ್ಲಿ ಹರಿಗೋಲಿನವನು ದಂಡೆಗೆ ಕಾಲಿಡುವ ತನಕ, ಕೊನೆಗೆ ಇಳಿದವರು ಹಗ್ಗ ಬಿಡುತ್ತಿರಲಿಲ್ಲ. ಶೋಭಾಗೆ ಅದು ಗೊತ್ತಿತ್ತು. ಸಣ್ಣವಳಿದ್ದಾಗ ಸೂಟಿಗೆ ಊರಿಗೆ ಹೋಗಿ ತಾನೂ ಆ ಹಗ್ಗ ಹಿಡಿದಿದ್ದಳು. ಚಹಾದ ತಟ್ಟೆಯನ್ನು ಕೆಳಗಿಟ್ಟಳು.

"ಅವರ ಹೆಸರೇನ್ರಿ?"

"ಯಾರದು?"

"ದೋಣಿಯವರದು. ಮೂರು ವರ್ಷ ಅವರೊಬ್ಬರ ದೋಣ್ಯಾಗನ ಹೋಗೀರೇನ್ರಿ?"

"ಪ್ರತಿ ಶುಕ್ರವಾರ ಅವನ." ಅಮರೇಶಪ್ಪ ನಕ್ಕ. "ಹೆಸರು ಯಾವನಿಗೆ ಗೊತ್ರಿ. ಓಯ್ ಅಂದ್ರ ಬರ್ತಿದ್ದ."

ಶೋಭಾ ಆಲ್ಬಮ್ಮನ್ನು ಮುಚ್ಚಿ ಎರಡೂ ಕೈಯಿಂದ ಅವನ ಮುಂದೆ ಸರಿಸಿದಳು. "ಜ್ವಾಕಿ ಒಯ್ಯಿರಿ. ನನಗ ಈ ಸಂಬಂಧ ಬ್ಯಾಡ್ರಿ." ಒಳಗೆ ಹೋದಳು.

ವರ ಹೋದಮೇಲೆ ಸೂಗಪ್ಪ ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡ. ಆದರೂ ಸಿಟ್ಟು ಆರಲಿಲ್ಲ.

"ಬರೇ ಒಂದು ಹೆಸರಿನ ಸಲುವಾಗಿ ಇಂಥಾ ವರಾ ಕಳಕೊಂಡೆಲ್ಲ! ನೀ ದಿನಾ ಹತ್ತೋ ಕಂಪನಿ ಬಸ್ಸಿನ ಡ್ರೈವರಗ ಏನಂತಾರ, ಗೊತ್ತೈತೇನು ನಿನಗ?"

"ಯಾದಗಿರಿ ಅಂತ ಅವರ ಹೆಸರು," ಒಳಗಿಂದ ಶೋಭಾಳ ದನಿ ಬಂತು. "ಎಡಗಿವಿ ಮಂದ. ಇಳಿಯೂ ಮುಂದ ಸೀಟು ಬಡದು ಹೇಳಬೇಕು."

ಅಂಬವ್ವ ಎಲೆ ಮಡಚಿ ಬಾಯಿಗಿಟ್ಟಳು.