ಜೂನ್ ಒಂದರಂದು ಹುಟ್ಟಿದವಳು

ಮಟಕಿಯ ಸರ್ಕಾರಿ ಶಾಲೆಯಲ್ಲಿ ಕಲಿತವರೆಲ್ಲ ಜೂನ್ ಒಂದರಂದೇ ಹುಟ್ಟಿದವರು. ಗುರಣ್ಣ ಮಾಸ್ತರರು ಹಾಗೆ ಬರೆದಿದ್ದರು. ತಾಯಂದಿರು ಬಂದು "ಎಳ್ಳಮಾಸಿ ಮುಂದ ಹುಟ್ಟ್ಯಾನ್ರಿ", "ಜೋಳದ ರಾಶಿ ನಡದಿತ್ರಿ" ಎಂದರೆ ಅದನ್ನು ಸರ್ಕಾರದ ಹಾಜರಿಗೆ ಹತ್ತಿಸುವಂತಿರಲಿಲ್ಲ. ಜೂನ್ ಒಂದಕ್ಕೆ ಶಾಲೆ ಶುರು. ಆ ದಿನಕ್ಕೆ ಮಗುವಿಗೆ ಆರು ತುಂಬಿರಬೇಕು. ಮಾಸ್ತರರು ತುಂಬಿಸಿಬಿಡುತ್ತಿದ್ದರು.

ನಿಂಬೆವ್ವನಿಗೆ ಆರು ತುಂಬಿಸಿದಾಗ ಅವಳಿಗೆ ಮೂರು ವರ್ಷ ಎಂಟು ತಿಂಗಳು. ಆ ವರ್ಷ ಒಂದನೆಯ ತರಗತಿಗೆ ಇಬ್ಬರು ಮಕ್ಕಳು ಕಡಿಮೆ ಬಿದ್ದಿದ್ದರು. ಸಂಖ್ಯೆ ಕೂಡದಿದ್ದರೆ ಶಾಲೆಯ ಎರಡನೆಯ ಶಿಕ್ಷಕರ ಹುದ್ದೆ ಬೇರೆ ಊರಿಗೆ ಹೋಗುತ್ತಿತ್ತು. ಕುರಿ ಕಾಯುವ ಬೀರಲಿಂಗಪ್ಪನ ಅಂಗಳದಲ್ಲಿ ಮಣ್ಣಾಡುತ್ತಿದ್ದ ಹುಡುಗಿಯನ್ನು ಮಾಸ್ತರರೇ ಎತ್ತಿಕೊಂಡು ಹೋಗಿ ಕೂಡಿಸಿದರು. ಮೂಗು ಒರೆಸಿ, ಕೈಗೊಂದು ಪಾಟಿ ಕೊಟ್ಟು, ಹೆಸರಿನ ಮುಂದೆ ೧-೬-೧೯೯೧ ಎಂದು ಬರೆದರು. ಹುದ್ದೆ ಉಳಿಯಿತು. ಊರಿಗೆ ಉಪಕಾರವೇ ಆಯಿತು.

ಅವಳು ಹುಟ್ಟಿದ್ದು ತೊಂಬತ್ತಮೂರರಲ್ಲಿ, ಕಿಲ್ಲಾರಿ ಭೂಕಂಪವಾದ ಎಂಟನೆಯ ದಿನ. ಊರಿಗೆ ಊರೇ ಗೋಡೆಗಳಿಗೆ ಅಂಜಿ ಹೊಲದಲ್ಲಿ ಮಲಗುತ್ತಿದ್ದ ಕಾಲ. ಬೇವಿನ ಮರಕ್ಕೆ ಕಂಬಳಿ ಇಳಿಬಿಟ್ಟು, ಅದರ ಮರೆಯಲ್ಲಿ ತಾಯಿ ಕಾಶಿಬಾಯಿ ಅವಳನ್ನು ಹಡೆದಳು. ನರ್ಸಿಲ್ಲ, ಆಸ್ಪತ್ರೆಯಿಲ್ಲ, ಚೀಟಿಯಿಲ್ಲ.

ಬ್ಯಾಟು ಕೊಟ್ಟವರೂ ಅದೇ ಮಾಸ್ತರರು. ಶಾಲೆಯ ಕ್ರಿಕೆಟ್ ತಂಡಕ್ಕೆ ಗಂಡುಮಕ್ಕಳು ಹತ್ತೇ ಜನ ಆಗಿದ್ದರು. ಹಾಜರಿಯಲ್ಲಿ ಕಡಿಮೆ ಬಿದ್ದಲ್ಲಿ ಅವಳನ್ನು ತುಂಬಿದ ಹಾಗೆ ಇಲ್ಲಿಯೂ ತುಂಬಿದರು. ತಪ್ಪಿಸಿಕೊಂಡ ಕುರಿಗೆ ಕಲ್ಲು ಬೀಸಿ ತಿರುಗಿಸಿ ಪಳಗಿದ ಕೈ. ಚೆಂಡು ಹೇಳಿದ ಕಡೆ ಹೋಗುತ್ತಿತ್ತು. ಅಫಜಲಪುರದ ಮೈದಾನದಲ್ಲಿ ಮೊದಲ ಪಂದ್ಯ. ಎದುರು ತಂಡದವರು "ಲಂಗ ಬಂತಲೇ, ಲಂಗ ಬಂತು" ಎಂದು ನಕ್ಕರು. ನಾಲ್ಕು ಜನ ಔಟಾಗಿ ಹೋದ ಮೇಲೆ ನಗುವುದನ್ನು ಬಿಟ್ಟರು. ಸಂಜೆ ಬಸ್ ಸ್ಟ್ಯಾಂಡಿನವರೆಗೆ ಮಾಸ್ತರರು ಅವಳನ್ನು ಹೆಗಲ ಮೇಲೆ ಹೊತ್ತು ತಂದರು.

ಹದಿನೇಳನೆಯ ವಯಸ್ಸಿಗೆ ರಾಜ್ಯದ ಹತ್ತೊಂಬತ್ತರ ಒಳಗಿನವರ ಪಟ್ಟಿಯಲ್ಲಿ ಹೆಸರು ಬಂತು. ವಾರದೊಳಗೆ ಹೋಯಿತು. ಕಾಗದದ ಪ್ರಕಾರ ಅವಳಿಗೆ ಹತ್ತೊಂಬತ್ತು ದಾಟಿತ್ತು.

ಆಗ ಅಪ್ಪ ಬೀರಲಿಂಗಪ್ಪ ಮಾಸ್ತರರ ಮನೆಗೆ ಓಡಿದ. ಗುರಣ್ಣ ಮಾಸ್ತರರ ಬಳಿ ಇನ್ನೊಂದು ಪುಸ್ತಕ ಇದೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಕೆಂಪು ಬಟ್ಟೆಯ ಬೆನ್ನಿನ ಉದ್ದನೆಯ ನೋಟ್‌ಬುಕ್ಕು. ತಾಯಂದಿರು ಹೇಳಿದ್ದನ್ನು ಹೇಳಿದ ದಿನವೇ ಹೇಳಿದ ಹಾಗೆಯೇ ಅದರಲ್ಲಿ ಬರೆದಿಡುತ್ತಿದ್ದರು. ಹಾಜರಿಯ ಪುಸ್ತಕ ಸರ್ಕಾರಕ್ಕೆ, ಇದು ಊರಿಗೆ. ಮದುವೆ ಮಾತಾಡುವವರು ಬಂದರೆ ಹೆಣ್ಣಿನ ವಯಸ್ಸನ್ನು ಅಲ್ಲಿಯೇ ನೋಡುತ್ತಿದ್ದರು. ಜನ ಅದಕ್ಕೆ ಖರೇ ಪುಸ್ತಕ ಎನ್ನುತ್ತಿದ್ದರು.

ಬೀರಲಿಂಗಪ್ಪ ತಿರುಗಿ ಬಂದು ಹೊಸ್ತಿಲ ಮೇಲೆ ಕೂತ. ಬಹಳ ಹೊತ್ತು ತಲೆಯ ರುಮಾಲು ತೆಗೆಯಲಿಲ್ಲ.

"ಗೆದ್ದಲ ತಿಂದಾವಂತ ಬೇ," ಎಂದ.

ಹತ್ತೊಂಬತ್ತರ ಒಳಗೆ ಆಡದವಳನ್ನು ಯಾರೂ ನೋಡುವುದಿಲ್ಲ. ಹಿರಿಯರ ತಂಡದ ಬಾಗಿಲಲ್ಲಿ ನಿಂಬೆವ್ವ ಏಳು ವರ್ಷ ಕಾದಳು. ದೇಶದ ತಂಡಕ್ಕೆ ಹೋದಾಗ ಕಾಗದದಲ್ಲಿ ಇಪ್ಪತ್ತೇಳು. "ತಡವಾಗಿ ಅರಳಿದ ಪ್ರತಿಭೆ" ಎಂದು ಪತ್ರಿಕೆಗಳು ಬರೆದವು. ಕಾಮೆಂಟರಿಯವರು ಆ ಹೆಸರಿಗೆ ನಾಲಿಗೆ ಹೊರಳದೆ ನಿಂಬು ಎಂದು ಕರೆದರು. ಅವಳು ನಿಂಬು ಆದಳು. ಎಡಗೈ ಸ್ಪಿನ್ನು, ಆರನೆಯವಳಾಗಿ ಬ್ಯಾಟಿಂಗು. ಹತ್ತೊಂಬತ್ತು ಏಕದಿನ ಪಂದ್ಯ. ಒಂದು ವಿಶ್ವಕಪ್ಪಿಗೂ ಹೋದಳು; ಅಲ್ಲಿ ಒಂದೂ ಪಂದ್ಯ ಆಡದೆ ಆಡುವವರಿಗೆ ನೀರಿನ ಬಾಟಲಿ ಒಯ್ದು ಕೊಟ್ಟು ಬಂದಳು. ಪ್ರತಿ ಜೂನ್ ಒಂದಕ್ಕೆ ಹುಡುಗಿಯರು ಕೇಕು ತಂದು ಅವಳ ಮುಖಕ್ಕೆ ಮೆತ್ತುತ್ತಿದ್ದರು. ಅವಳು ನಕ್ಕು ಒರೆಸಿಕೊಳ್ಳುತ್ತಿದ್ದಳು. ಅಪ್ಪ ಸತ್ತ ವರ್ಷವೂ ಮೆತ್ತಿದರು.

ಆಮೇಲೆ ಮೊಣಕಾಲು. ಅದು ವಾಸಿಯಾಗುವಷ್ಟರಲ್ಲಿ ಪಟ್ಟಿಯಲ್ಲಿ ಹೆಸರಿರಲಿಲ್ಲ.

ಈ ಜನವರಿಯಲ್ಲಿ ಆಯ್ಕೆ ಸಮಿತಿಯವರೊಬ್ಬರು ಫೋನು ಮಾಡಿದರು. ದೇಶೀಯ ಪಂದ್ಯಗಳಲ್ಲಿ ಅವಳ ಬೌಲಿಂಗು ನೋಡಿದ್ದರು. ವಿಶ್ವಕಪ್ಪಿನ ಶಿಬಿರಕ್ಕೆ ಎಡಗೈ ಸ್ಪಿನ್ನರು ಬೇಕಾಗಿತ್ತು. "ಆದರೆ ಮೂವತ್ತೆರಡು ದಾಟಿದವರನ್ನು ಕರೆಯಬಾರದು ಎಂದು ಮೇಲಿನವರು ಹಟ ಹಿಡಿದು ಕೂತಿದ್ದಾರೆ. ನಿನಗೆ ಮೂವತ್ಮೂರು."

"ಮೂವತ್ತೊಂದು ಸರ್," ಎಂದಳು ನಿಂಬೆವ್ವ. ಹದಿನೈದು ವರ್ಷದಲ್ಲಿ ಮೊದಲ ಸಲ ನಿಜ ವಯಸ್ಸು ಹೇಳಿದ್ದಳು.

ಆತ ನಗಲಿಲ್ಲ. ಅಷ್ಟು ಒಳ್ಳೆಯವನಿದ್ದ. "ಆಗಿನ ಕಾಲದ್ದೇ ಬರವಣಿಗೆ ಏನಾದರೂ ಇದ್ದರೆ ತಾ. ಸೋಮವಾರ ಪಟ್ಟಿ ಮುಗಿಯುತ್ತದೆ."

ಅವತ್ತು ಗುರುವಾರ. ಪುಸ್ತಕವಂತೂ ಇಲ್ಲ, ತಾನೇ ತಪ್ಪು ಬರೆದೆನೆಂದು ಮಾಸ್ತರರು ಒಂದು ಹಾಳೆಯ ಮೇಲೆ ಬರೆದು ಸಹಿ ಮಾಡಿಕೊಟ್ಟರೂ ನಡೆದೀತು ಎಂದುಕೊಂಡು ಶನಿವಾರ ಬೆಳಿಗ್ಗೆ ಅವಳು ಜೇವರ್ಗಿಗೆ ಹೋದಳು. ನಿವೃತ್ತರಾದ ಮೇಲೆ ಮಾಸ್ತರರು ಅಲ್ಲಿ ಮಗನ ಜೊತೆ ಇದ್ದರು. ವಿಜಯಪುರ ರಸ್ತೆಗೆ ಮಗನ ಬೀಜ ಗೊಬ್ಬರದ ಅಂಗಡಿ, ಹಿಂದೆ ಮನೆ. ಲಾರಿ ಹೋದಾಗಲೆಲ್ಲ ಗೋಡೆಯ ಮೇಲಿನ ಫೋಟೋಗಳು ನಡುಗುತ್ತಿದ್ದವು. ನಡುವೆ ಚೌಕಟ್ಟು ಹಾಕಿಸಿದ ಉತ್ತಮ ಶಿಕ್ಷಕ ಪ್ರಶಸ್ತಿ.

"ಬಾರವ್ವ ನಿಂಬೆವ್ವ, ಬಾ! ಎಷ್ಟ ವರ್ಷಾತು? ನೀ ಟೀವಿಯಾಗ ಬಂದಾಗೆಲ್ಲ ಓಣಿ ಮಂದಿಗಿ ಹೇಳತೇನಿ, ಈಕಿ ಕೈಯಾಗ ಬ್ಯಾಟ್ ಕೊಟ್ಟಾಂವ ನಾನೇ ಅಂತ."

"ಹೌದ್ರಿ. ನೀವೇ ಕೊಟ್ಟಿದ್ದು."

"ಈಗ ಯಾಕ ಬರವಲ್ಲಿ?"

"ತಗದಾರ್ರಿ ಮಾಸ್ತರ. ವಯಸ್ಸಾಗ್ಯದಂತ."

"ನಿನಗ? ಹೋಗ ಬೇ! ನಿನಗೆಂಥಾ ವಯಸ್ಸು? ಭೂಕಂಪಾಗಿ ಎಂಟ ದಿನಕ್ಕ ಹುಟ್ಟಿದಾಕಿ ನೀ. ಕಂಬಳಿ ಕೆಳಗ. ಮುಂಜಾನಿ, ಕುರಿ ಬಿಡೋ ಹೊತ್ತಿಗಿ."

ನಿಂಬೆವ್ವ ಚಹಾದ ಕಪ್ಪುಬಸಿ ಕೆಳಗಿಟ್ಟಳು. ಕುರಿ ಬಿಡುವ ಹೊತ್ತು ಎಂಬುದು ಅವಳಿಗೇ ಗೊತ್ತಿರಲಿಲ್ಲ.

"ಅಷ್ಟು ಪಕ್ಕಾ ಹೆಂಗ ನೆನಪದರಿ ನಿಮಗ?"

ಒಂದು ಲಾರಿ ಹೋಯಿತು. ಇನ್ನೊಂದು ಹೋಯಿತು. ಕೊನೆಗೆ ಮಾಸ್ತರರು ಮೊಣಕಾಲಿಗೆ ಕೈ ಊರಿ ಎದ್ದು, ಟ್ರಂಕು ತೆಗೆದು, ಕೆಂಪು ಬಟ್ಟೆಯ ಬೆನ್ನಿನ ಪುಸ್ತಕ ತಂದರು. ಹಾಳೆಗಳು ಹಳದಿಯಾಗಿದ್ದವು. ಒಂದೂ ತೂತು ಇರಲಿಲ್ಲ.

ಅವಳ ಹೆಸರಿದ್ದ ಪುಟ ತೆಗೆದು ತೋರಿಸಿದರು. *ನಿಂಬೆವ್ವ, ಬೀರಲಿಂಗಪ್ಪನ ಮಗಳು. ಭೂಕಂಪಾದ ಎಂಟನೇ ದಿನ, ಕುರಿ ಬಿಡುವ ಹೊತ್ತಿಗೆ.* ಪಕ್ಕದಲ್ಲಿ ಬರೆದ ದಿನಾಂಕ, ಕಾಶಿಬಾಯಿಯ ಹೆಬ್ಬೆಟ್ಟು.

"ಗೆದ್ದಲ ತಿಂದಾವ ಅಂದಿದ್ರಿ ನಮ್ಮಪ್ಪಗ."

"ಆ ವರ್ಷ ನನ್ನ ಹೆಸರು ಪ್ರಶಸ್ತಿಗಿ ಹೋಗಿತ್ತವ್ವ." ಮಾಸ್ತರರು ಗೋಡೆಯ ಕಡೆ ನೋಡಲಿಲ್ಲ. "ಇದು ಮ್ಯಾಲಿನವರ ಕೈಗಿ ಹೋಗಿದ್ರ ಪ್ರಶಸ್ತಿ ಹೋಗ್ಲಿ, ನೌಕರೀನೂ ಹೋಗತಿತ್ತು. ಹೆಣ್ಣುಡುಗಿ ಆಟ, ಎರಡು ವರ್ಷದಾಗ ಮದಿವ್ಯಾಗಿ ಹೋಗ್ತಾಳ ಅಂದ್ಕೊಂಡೆ. ನೀ ಅಷ್ಟು ದೂರ ಹೋಗ್ತಿ ಅಂತ ಯಾರಿಗಿ ಗೊತ್ತಿತ್ತು?"

ಹೊಸ್ತಿಲ ಮೇಲೆ ಕೂತಿದ್ದ ಅಪ್ಪನ ರುಮಾಲು ಅವಳ ಕಣ್ಣೆದುರು ಇತ್ತು.

"ಈಗ ನನಗ್ಯಾರೂ ಕೇಳಂಗಿಲ್ಲ. ಒಯ್ಯಿ. ನಿನಗ ಕೊಡಬೇಕಂತೇ ಇಟ್ಟೇನಿ."

ಅವಳು ಕೈ ಚಾಚಿದಳು. ಪುಸ್ತಕದ ಇನ್ನೊಂದು ತುದಿಯನ್ನು ಮಾಸ್ತರರು ಬಿಟ್ಟಿರಲಿಲ್ಲ.

"ಒಂದು ಸಣ್ಣ ಕೆಲಸ ಅದ," ಎಂದರು. "ಅನುರಾಧಾ! ಬಾರ ಇಲ್ಲಿ."

ಮೊಮ್ಮಗಳು ಒಳಗಿನಿಂದ ಬಂದಳು. ಎತ್ತರದ ಹುಡುಗಿ, ಕೈಯಲ್ಲಿ ಚೆಂಡು. ಮಾಸ್ತರರು ಒಂದು ಫಾರ್ಮು, ಹೊಸ ಜನನ ಪ್ರಮಾಣಪತ್ರ ಮುಂದಿಟ್ಟರು. ಹದಿನೈದರ ಒಳಗಿನವರ ಆಯ್ಕೆಗೆ ಅರ್ಜಿ. ಶಿಫಾರಸು ಮಾಡುವವರ ಸಹಿಯ ಜಾಗ ಖಾಲಿ.

"ಈಕಿದೂ ನಿನ್ನಂಗೇ ಕೈ. ನಿನಗಾಗಿದ್ದು ಈಕಿಗಿ ಆಗಬಾರದು ಅಂತ ಮದಲೇ ಹುಷಾರಾಗೇನಿ. ನಿನಗ ಎರಡು ವರ್ಷ ಹೆಚ್ಚಿಗಿ ಬರದು ತಪ್ಪಿದೆ. ಈಕಿಗಿ ಎರಡು ಕಡಿಮಿ ಬರಸೇನಿ."

ನಿಂಬೆವ್ವ ಅವರ ಮುಖ ನೋಡಿದಳು. ಅದರಲ್ಲಿ ಮೋಸವಿರಲಿಲ್ಲ. ಪಾಪ ತೊಳೆದುಕೊಂಡವರ ಸಮಾಧಾನವಿತ್ತು.

"ಮಣಿಕಟ್ಟಿನ ಎಲುಬಿನ ಫೋಟೋ ತಗೀತಾರ್ರಿ ಮಾಸ್ತರ. ವಯಸ್ಸು ಗೊತ್ತಾಗ್ತದ. ಸಿಕ್ಕರ ಎರಡು ವರ್ಷ ಹೊರಗ ಹಾಕ್ತಾರ. ಆಮ್ಯಾಗ ಯಾರೂ ಕರಿಯಂಗಿಲ್ಲ."

"ನಿನ್ನಂಥಾಕಿ ಸಹಿ ಇದ್ರ ಯಾರ್ ಫೋಟೋ ತಗೀತಾರ? ನೀ ದೇಶಕ್ಕ ಆಡಿದಾಕಿ!"

ಹಿತ್ತಲಲ್ಲಿ ಗೊಬ್ಬರದ ಖಾಲಿ ಚೀಲಗಳ ಪಕ್ಕ ಹುಡುಗಿ ನಾಲ್ಕು ಚೆಂಡು ಎಸೆದಳು. ಮೂರನೆಯದು ನೆಲಕ್ಕೆ ಬಿದ್ದು ಗೋಡೆಯ ಕಡೆಗೆ ಸರಕ್ಕನೆ ತಿರುಗಿತು. ಇಂಥದ್ದನ್ನು ಯಾರೂ ಕಲಿಸಲಾರರು.

"ನಿನಗೆಷ್ಟು ವರ್ಷ ಬೇ?"

ಹುಡುಗಿಯ ಕಣ್ಣು ಮೊದಲು ಅಜ್ಜನ ಕಡೆಗೆ ಹೋಯಿತು. ಆಮೇಲೆ ಮಾತು ಬಂತು. "ಹದಿಮೂರ್ರಿ."

ಎಷ್ಟು ಚೆನ್ನಾಗಿ ಕಲಿತಿದ್ದಾಳೆ. ತಾನೂ ಹೀಗೆಯೇ. ಯಾರು ಎಲ್ಲಿ ಕೇಳಿದರೂ ಒಂದು ಆರು ತೊಂಬತ್ತೊಂದು, ತಡವರಿಸಿದ್ದೇ ಇಲ್ಲ.

ನಿಂಬೆವ್ವ ಒಳಗೆ ಬಂದು ಪೆನ್ನು ತೆಗೆದುಕೊಂಡಳು. ಒಂದು ಸಹಿ. ಬ್ಯಾಟುಗಳ ಮೇಲೆ, ಟೋಪಿಗಳ ಮೇಲೆ ಎಷ್ಟು ಮಾಡಿಲ್ಲ. ಹುಡುಗಿ ಸಿಕ್ಕಿಬೀಳುವುದು ಇವತ್ತಲ್ಲ. ಬೀಳುವಷ್ಟರಲ್ಲಿ ತಾನು ವಿಶ್ವಕಪ್ಪಿನಲ್ಲಿ ಆಡುತ್ತಿರುತ್ತೇನೆ, ಈ ಸಲ ಬಾಟಲಿ ಹೊರುವುದಿಲ್ಲ. ಹೀಗೆ ಎಣಿಸಿದಳು. ಎಣಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಪೆನ್ನಿನ ಮೊನೆ ಫಾರ್ಮಿನ ಖಾಲಿ ಜಾಗದ ಮೇಲೆ ಬಂದು ನಿಂತಿತ್ತು.

"ನೀ ಹುಟ್ಟಿದಾಗ ಏನಾಗಿತ್ತಂತ ಹೇಳ್ತಾಳ ನಿಮ್ಮವ್ವ?" ಎಂದು ಕೇಳಿದಳು, ತಲೆ ಎತ್ತದೆ.

ಹುಡುಗಿ ಈ ಸಲ ಅಜ್ಜನನ್ನು ನೋಡುವುದನ್ನು ಮರೆತಳು. "ಭೀಮಾ ಹೊಳಿ ಬಂದಿತ್ತಂತ್ರಿ! ಘತ್ತರಗಿ ಸೇತುವಿ ಮುಳುಗಿ ನಮ್ಮವ್ವಗ ದವಾಖಾನಿಗಿ ಒಯ್ಯಾಕ ಆಗಿಲ್ಲ. ಅಜ್ಜಿ ಮನ್ಯಾಗೇ ಹಡದಾಳ. ಅದಕ್ಕೇ ನನಗ ಘತ್ತರಗಿ ದೇವಿ ಹೆಸರು, ಭಾಗ್ಯವಂತಿ ಅಂತ ಇಡಬೇಕಂತಿದ್ರಂತ."

ಎರಡು ಸಾವಿರದ ಒಂಬತ್ತರ ಹೊಳೆ. ಆ ನೆರೆ ಯಾರಿಗೆ ಗೊತ್ತಿಲ್ಲ.

ನಿಂಬೆವ್ವ ಫಾರ್ಮು ಬದಿಗೆ ಸರಿಸಿದಳು. ಖರೇ ಪುಸ್ತಕವನ್ನು ಹತ್ತಿರ ಎಳೆದುಕೊಂಡು, ಅದೇ ಪುಟದಲ್ಲಿ, ತನ್ನ ಹೆಸರಿನ ಕೆಳಗೆ ಉಳಿದಿದ್ದ ಒಂದು ಸಾಲಿನ ಜಾಗದಲ್ಲಿ ಬರೆದಳು. *ಅನುರಾಧಾ, ಗುರಣ್ಣ ಮಾಸ್ತರರ ಮೊಮ್ಮಗಳು. ಹೊಳೆ ಬಂದು ಘತ್ತರಗಿ ಸೇತುವೆ ಮುಳುಗಿದ ದಿನ, ೨೦೦೯.* ಕೆಳಗೆ ಸಹಿ ಮಾಡಿದಳು, ನಿಂಬು ಎಂದಲ್ಲ, ಪೂರ್ತಿ ಹೆಸರು.

"ಏನ ಮಾಡಿದಿ ಲೇ!" ಮಾಸ್ತರರು ಪುಸ್ತಕ ಕಸಿದುಕೊಂಡರು. "ಈಗಿದು ಆಯ್ಕೆ ಮಾಡೋರ ಕೈಗಿ ಹೆಂಗ ಕೊಡ್ಲಿ? ಈಕಿದೂ ಗೊತ್ತಾಗ್ತದಲ್ಲ!"

"ಹೌದ್ರಿ. ಹಾಳಿ ಹರದ್ರ ನನ್ನದೂ ಹೋಗ್ತದ." ಅವಳ ದನಿ ಏರಲಿಲ್ಲ. "ಕೊಡ್ರಿ ಮಾಸ್ತರ. ಇಬ್ಬರದೂ ಖರೆ ಹೋಗ್ಲಿ. ಹತ್ತೊಂಬತ್ತರ ಒಳಗ ಆಡ್ಲಿ, ಇನ್ನೂ ನಾಕು ವರ್ಷ ಅದ ಆಕಿಗಿ. ಅದರ ಫಾರ್ಮಿಗಿ ಈಗ ಬೇಕಂದ್ರ ಈಗ ಸಹಿ ಮಾಡತೇನಿ."

"ದೊಡ್ಡ ಹುಡುಗ್ಯಾರ ಜೋಡಿ ಆಡಿ ಈಕಿ ಎಲ್ಲಿ ಮುಂದ ಬರ್ತಾಳ?"

"ನಾ ಗಂಡುಡುಗರ ಜೋಡಿ ಆಡಿದ್ನಿ. ನೀವೇ ಆಡಿಸಿದ್ರಿ."

ಮಾಸ್ತರರು ಪುಸ್ತಕವನ್ನು ಎದೆಗೆ ಅವಚಿಕೊಂಡು ಕೂತರು. ಹುಡುಗಿ ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುತ್ತ ಇಬ್ಬರನ್ನೂ ನೋಡಿದಳು. ಲಾರಿ ಹೋಯಿತು. ಪ್ರಶಸ್ತಿಯ ಚೌಕಟ್ಟು ನಡುಗಿ ನಿಂತಿತು.

"ಇವರಪ್ಪಗ ಕೇಳಿ ಫೋನ್ ಮಾಡತೇನಿ," ಎಂದರು ಕಡೆಗೆ. "ನಾಳಿಗಿ ಮಾಡತೇನಿ."

ನಿಂಬೆವ್ವ ಬಾಗಿ ಅವರ ಕಾಲು ಮುಟ್ಟಿದಳು. ರೂಢಿ ತಪ್ಪಿಸಲಾಗಲಿಲ್ಲ.

ಭಾನುವಾರ ಇಡೀ ದಿನ ಫೋನು ಮಟಕಿಯ ಮನೆಯ ಕಟ್ಟೆಯ ಮೇಲೆ ಸದ್ದಿಲ್ಲದೆ ಬಿದ್ದಿತ್ತು. ಸೋಮವಾರ ಬೆಳಿಗ್ಗೆ ರಿಂಗಾಯಿತು. ಆಯ್ಕೆ ಸಮಿತಿಯವರು.

"ಸಿಕ್ಕಿತಾ?"

"ಇಲ್ಲ ಸರ್."

"ಇದೆ ಅಂತ ಆಸೆ ಇಟ್ಟುಕೊಂಡಿದ್ದೆ ನಾನು. ಏನಾಯಿತು?"

ಅಂಗಳದಲ್ಲಿ ಕಾಶಿಬಾಯಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರದ ಅಂಚಿಗೆ ಅವಳ ಹೆಬ್ಬೆಟ್ಟು ಒತ್ತಿ ಒತ್ತಿ ಸವೆದಿತ್ತು.

"ಗೆದ್ದಲು ತಿಂದಿವೆ ಸರ್," ಎಂದಳು ನಿಂಬೆವ್ವ.

ಕಾಶಿಬಾಯಿ ಮೊರ ಕೆಳಗಿಟ್ಟು ತಲೆಯೆತ್ತಿದಳು. "ಅದು ಅವಾಗೇ ತಿಂದಿದ್ವಲ್ಲ ಬೇ. ಈಗ ಮತ್ತ್ಯಾಕ ಕೇಳ್ತಾರ?"